ಇಂಗ್ಲಿಷ್ ಮೌಖಿಕ ಪರೀಕ್ಷೆಗೆ ಮಗುವನ್ನು ಮನೆಯಲ್ಲಿ ಸಿದ್ಧಪಡಿಸುವ ಬಗೆ

ಕೆಲವು ವರ್ಷಗಳ ಹಿಂದೆ ಮೂರನೆಯ ತರಗತಿಯ ಇಂಗ್ಲಿಷ್ ಮೌಖಿಕ ಪರೀಕ್ಷೆ ನಡೆಸುತ್ತಿದ್ದಾಗ, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದ ಹುಡುಗಿಯೊಬ್ಬಳು ನನ್ನ ಮೇಜಿನ ಮುಂದೆ ಬಂದು ಕೈಕಟ್ಟಿ ನಿಂತಳು. ‘ವಾಟ್ ಈಸ್ ಯುವರ್ ನೇಮ್?’ ಎಂದು ಕೇಳಿದಾಗ ಗಟ್ಟಿಯಾಗಿ ಹೆಸರು ಹೇಳಿದಳು. ‘ವಾಟ್ ಈಸ್ ಯುವರ್ ಫಾದರ್ಸ್ ನೇಮ್?’ ಎಂದೆ. ‘ಐ ಆಮ್ ಏಟ್ ಇಯರ್ಸ್ ಓಲ್ಡ್’ ಎಂಬ ಉತ್ತರ ಅಷ್ಟೇ ಗಟ್ಟಿಯಾಗಿ ಬಂತು. ‘ವೇರ್ ಡು ಯು ಲಿವ್?’ ಎಂದು ಕೇಳಿದರೆ, ತಾನು ಮೂರನೆಯ ತರಗತಿಯಲ್ಲಿ ಓದುತ್ತಿರುವುದಾಗಿ ತಿಳಿಸಿದಳು. ಆಮೇಲೊಂದು ದಿನ ಅವಳ ತಾಯಿ ತಂದು ತೋರಿಸಿದ ನೋಟ್‌ಬುಕ್ ನೋಡಿದಾಗ ವಿಷಯ ತಿಳಿಯಿತು. ಅದರಲ್ಲಿ ಇಪ್ಪತ್ತು ಪ್ರಶ್ನೆಗಳೂ ಇಪ್ಪತ್ತು ಉತ್ತರಗಳೂ ದುಂಡಗಿನ ಅಕ್ಷರದಲ್ಲಿ ಬರೆದಿದ್ದವು; ಒಂದನೆಯದು ಹೆಸರು, ಎರಡನೆಯದು ವಯಸ್ಸು, ಮೂರನೆಯದು ತರಗತಿ. ಮಗು ಕ್ರಮ ತಪ್ಪದೆ ಒಪ್ಪಿಸಿತ್ತು. ಕ್ರಮ ತಪ್ಪಿದವಳು ನಾನು.

ಆ ತಾಯಿಯ ಶ್ರಮದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆರು ವಾರ ರಾತ್ರಿ ಅಡುಗೆಮನೆಯ ಕೆಲಸ ಮುಗಿಸಿ ಮಗಳನ್ನು ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದರು. ಆದರೆ ಆ ಆರು ವಾರಗಳಲ್ಲಿ ಹುಡುಗಿ ಉತ್ತರ ಹೇಳುವುದನ್ನು ಕಲಿತಿದ್ದಳೇ ಹೊರತು ಪ್ರಶ್ನೆಯನ್ನು ಕೇಳಿಸಿಕೊಳ್ಳುವುದನ್ನು ಕಲಿತಿರಲಿಲ್ಲ. ಮೌಖಿಕ ಪರೀಕ್ಷೆಯ ತಯಾರಿಯಲ್ಲಿ ಹೆಚ್ಚಿನ ಮನೆಗಳು ಎಡವುವುದು ಇಲ್ಲಿಯೇ. ಹೀಗಾಗಿ ಕಿವಿಯಿಂದ ಆರಂಭಿಸಿ ಬಾಯಿಗೆ ಬರುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಇಂಗ್ಲಿಷ್ ಚೆನ್ನಾಗಿ ಬಾರದ ಪೋಷಕರೂ ಇದನ್ನು ಮಾಡಿಸಬಹುದು.

ಮೊದಲು ಪರೀಕ್ಷೆ ಯಾವ ಬಗೆಯದೆಂದು ತಿಳಿಯಿರಿ

ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಪದ್ಧತಿಯಂತೆ ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುನಡುವೆ ನಡೆಯುವ) ಮತ್ತು ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ ನಡೆಯುವ) ಮೌಲ್ಯಮಾಪನಗಳು ನಡೆಯುತ್ತವೆ. ಪೋಷಕರು ಮಾತನಾಡಿಕೊಳ್ಳುವ ಎಫ್‌ಎ, ಎಸ್‌ಎ ಎಂದರೆ ಇವೇ. ಚಿಕ್ಕ ತರಗತಿಗಳಲ್ಲಿ ಬರವಣಿಗೆಯಷ್ಟೇ ಮಾತಿಗೂ ಮಹತ್ವವಿರುತ್ತದೆ. 2007-08ರಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಭಾಷೆಯಾಗಿ ಕಲಿಸಲಾಗುತ್ತಿದೆ. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಕನ್ನಡ ಮಾಧ್ಯಮದಲ್ಲಿ ಓದಿದ ಇಂದಿನ ಅನೇಕ ಪೋಷಕರು ಎಬಿಸಿಡಿಯನ್ನು ಐದನೆಯ ತರಗತಿಯಲ್ಲಿ ತಿದ್ದಿದವರು. ಆರು ವರ್ಷದ ಮಗು ಇಂಗ್ಲಿಷಿನಲ್ಲಿ ಉತ್ತರಿಸಬೇಕೆಂದಾಗ ಮಗುವಿಗಿಂತ ಮೊದಲು ಅವರ ಎದೆ ಹೊಡೆದುಕೊಳ್ಳುವುದು ಸಹಜವೇ.

ಮೌಖಿಕದಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಒಂದು ಶಿಶುಗೀತೆ ಅಥವಾ ಪದ್ಯ, ತನ್ನ ಪರಿಚಯ, ಐದಾರು ಸಣ್ಣ ಪ್ರಶ್ನೆಗಳು, ಪಾಠದ ಒಂದು ಭಾಗದ ಗಟ್ಟಿ ಓದು, ಒಂದು ಚಿತ್ರದ ವಿವರಣೆ, ಕೆಲವೆಡೆ ಪದಗಳ ಸ್ಪೆಲ್ಲಿಂಗ್. ಎಲ್ಲ ಶಾಲೆಗಳಲ್ಲಿ ಎಲ್ಲವೂ ಇರುವುದಿಲ್ಲ. ನಿಮ್ಮ ಶಾಲೆಯಲ್ಲಿ ಇವುಗಳಲ್ಲಿ ಯಾವುವು ಇವೆ, ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ತರಗತಿ ಶಿಕ್ಷಕರನ್ನೇ ಕೇಳಿ ಶಾಲಾ ಡೈರಿಯಲ್ಲಿ ಬರೆದುಕೊಳ್ಳಿ. ಪೋಷಕರ ಸಭೆಯಲ್ಲಿ ‘ನಮ್ಮ ಮಗು ಹೇಗೆ ಓದುತ್ತದೆ ಮಿಸ್?’ ಎಂದು ಕೇಳುವವರು ಬಹಳ ಮಂದಿ. ‘ಮೌಖಿಕದಲ್ಲಿ ಏನೇನು ಕೇಳುತ್ತೀರಿ?’ ಎಂದು ಕೇಳುವವರು ಇಬ್ಬರೋ ಮೂವರೋ. ಕೇಳಿದರೆ ಯಾವ ಶಿಕ್ಷಕರೂ ಮುಚ್ಚಿಡುವುದಿಲ್ಲ.

ನಗರಗಳ ಕೆಲವು ಖಾಸಗಿ ಶಾಲೆಗಳು ಮಕ್ಕಳನ್ನು ಕೇಂಬ್ರಿಡ್ಜ್ ಇಂಗ್ಲಿಷ್‌ನ ಸ್ಟಾರ್ಟರ್ಸ್, ಮೂವರ್ಸ್, ಫ್ಲೈಯರ್ಸ್ ಪರೀಕ್ಷೆಗಳಿಗೂ ಕೂರಿಸುತ್ತವೆ. ಅವುಗಳ ಮಾತಿನ ಭಾಗ ಕ್ರಮವಾಗಿ 3ರಿಂದ 5, 5ರಿಂದ 7, 7ರಿಂದ 9 ನಿಮಿಷಗಳದು. ಸ್ಟಾರ್ಟರ್ಸ್‌ನಲ್ಲಿ ಮಗು ಚಿತ್ರದಲ್ಲಿ ವಸ್ತುಗಳನ್ನು ಬೆರಳಿಟ್ಟು ತೋರಿಸಿ ಸಣ್ಣ ಉತ್ತರ ಕೊಟ್ಟರೆ ಸಾಕು. ಮೂವರ್ಸ್‌ನಿಂದ ಮುಂದಕ್ಕೆ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹೇಳುವುದು, ಚಿತ್ರಗಳ ಸಾಲನ್ನು ಕಥೆಯಾಗಿ ಮುಂದುವರಿಸುವುದು ಬರುತ್ತದೆ. ಅಲ್ಲಿ ಪಾಸು, ನಪಾಸು ಎಂಬುದಿಲ್ಲ. ಒಂದೊಂದು ಭಾಗಕ್ಕೆ ಐದರವರೆಗೆ ಗುರಾಣಿಯ ಗುರುತುಗಳನ್ನು ಕೊಡುತ್ತಾರೆ. ಮುಂದೆ ಹೇಳುವ ಅಭ್ಯಾಸಗಳು ಆ ಪರೀಕ್ಷೆಗಳಿಗೂ ಸಲ್ಲುತ್ತವೆ.

ಕಿವಿಯ ಅಭ್ಯಾಸ

ಪರೀಕ್ಷೆಗೆ ಒಂದೂವರೆ ತಿಂಗಳು ಮೊದಲೇ ಆರಂಭಿಸಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಹಿಂದಿನ ರಾತ್ರಿ ಎರಡು ಗಂಟೆ ಕೂರಿಸುವುದರಿಂದ ಮಗುವಿಗೆ ನಿದ್ದೆಗೆಡುವುದಲ್ಲದೆ ಬೇರೆ ಲಾಭವಿಲ್ಲ. ಮೊದಲ ಎರಡು ವಾರ ಮಗುವಿನಿಂದ ಪೂರ್ಣ ಉತ್ತರವನ್ನು ಬಯಸಲೇಬೇಡಿ. ಪ್ರಶ್ನೆ ಏನನ್ನು ಕೇಳುತ್ತಿದೆ ಎಂಬುದಷ್ಟೇ ಅದಕ್ಕೆ ಹೊಳೆಯಬೇಕು.

ಸಣ್ಣ ಮಕ್ಕಳಿಗೆ ಇಂಗ್ಲಿಷ್ ಪ್ರಶ್ನೆಯೊಂದು ಬಿಡಿಬಿಡಿ ಪದಗಳಾಗಿ ಕೇಳಿಸುವುದಿಲ್ಲ, ಒಂದೇ ಉದ್ದನೆಯ ಸದ್ದಾಗಿ ಕೇಳಿಸುತ್ತದೆ. ಆ ಸದ್ದಿನ ತುದಿಯಲ್ಲಿರುವ ಒಂದು ಪದ ಪರಿಚಿತವಾಗಿದ್ದರೆ ಅದಕ್ಕೆ ಜೋತುಬಿದ್ದು ತೋಚಿದ ಉತ್ತರ ಕೊಡುತ್ತವೆ. ಇದನ್ನು ಬಿಡಿಸಲು ಪ್ರಶ್ನೆಯ ತಲೆಯಲ್ಲಿರುವ ಪದವನ್ನು ಮಾತ್ರ ಹಿಡಿಯುವ ಆಟ ಆಡಿಸಿ. ‘ವಾಟ್’ ಎಂದರೆ ಏನು, ‘ವೇರ್’ ಎಂದರೆ ಎಲ್ಲಿ, ‘ಹೂ’ ಎಂದರೆ ಯಾರು, ‘ವೆನ್’ ಎಂದರೆ ಯಾವಾಗ, ‘ವಿಚ್’ ಎಂದರೆ ಯಾವುದು ಎಂಬುದನ್ನು ತಿಳಿಸಿ, ನೀವು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಮಗು ಕನ್ನಡದಲ್ಲಿಯೇ ಉತ್ತರಿಸಲಿ. ‘ವೇರ್ ಈಸ್ ಅಜ್ಜಿ?’ ಎಂದರೆ ‘ಹಿತ್ತಲಲ್ಲಿ’ ಎನ್ನಲಿ; ‘ಹೂ ಈಸ್ ಅಟ್ ದ ಡೋರ್?’ ಎಂದರೆ ‘ಹಾಲಿನವರು’ ಎನ್ನಲಿ. ಇದು ಮೋಸವಲ್ಲ. ಅರ್ಥ ಗಟ್ಟಿಯಾದ ಮೇಲೆ ಇಂಗ್ಲಿಷ್ ಪದವನ್ನು ತಂದು ಕೂರಿಸುವುದು ಬಹಳ ಸುಲಭ.

‘ಎಷ್ಟು’ ಎಂಬ ಒಂದು ಕನ್ನಡ ಪದ ಇಲ್ಲಿ ದೊಡ್ಡ ಗೊಂದಲ ಮಾಡುತ್ತದೆ. ‘ಹೌ ಓಲ್ಡ್’, ‘ಹೌ ಮೆನಿ’, ‘ಹೌ ಮಚ್’ ಮೂರೂ ನಮಗೆ ‘ಎಷ್ಟು’ ಆಗಿಬಿಡುವುದರಿಂದ, ಅಣ್ಣತಮ್ಮಂದಿರು ಎಷ್ಟು ಮಂದಿ ಎಂದು ಕೇಳಿದರೆ ಎಂಟು ಎನ್ನುವ ಮಕ್ಕಳನ್ನು ನಾನು ಪ್ರತಿವರ್ಷ ನೋಡುತ್ತೇನೆ. ಅವರು ಹೇಳಿದ್ದು ತಮ್ಮ ವಯಸ್ಸನ್ನು. ಈ ಮೂರನ್ನು ಬೆರೆಸಿ ಬೆರೆಸಿ ಕೇಳಿ.

ಎರಡನೆಯ ವಾರದಲ್ಲಿ ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ. ದಿನವೂ ಐದು ಚೀಟಿ ಎತ್ತಬೇಕು. ಒಂದು ದಿನ ನೀವು ಕೇಳಿ ಮಗು ಹೇಳಲಿ, ಮರುದಿನ ಮಗು ಕೇಳಿ ನೀವು ಹೇಳಿ. ಕ್ರಮವೆಂಬುದು ಇಲ್ಲದಿದ್ದರೆ ಕ್ರಮ ಬಾಯಿಪಾಠವಾಗುವ ಭಯವೂ ಇಲ್ಲ. ಒಂದೇ ಪ್ರಶ್ನೆಯನ್ನು ಎರಡು ಮೂರು ವೇಷಗಳಲ್ಲಿ ಬರೆದಿಡುವುದನ್ನು ಮರೆಯಬೇಡಿ. ಮನೆಯಲ್ಲಿ ‘ವಾಟ್ ಈಸ್ ಯುವರ್ ನೇಮ್?’ ಎಂದಷ್ಟೇ ಕೇಳಿದ ಮಗುವಿನ ಮುಂದೆ ಶಿಕ್ಷಕರು ‘ಟೆಲ್ ಮಿ ಯುವರ್ ನೇಮ್’ ಎಂದರೆ ಅದು ಕಣ್ಣರಳಿಸಿ ನಿಲ್ಲುತ್ತದೆ. ‘ವೇರ್ ಡು ಯು ಲಿವ್?’, ‘ವೇರ್ ಈಸ್ ಯುವರ್ ಹೌಸ್?’, ‘ವೇರ್ ಡು ಯು ಕಮ್ ಫ್ರಮ್?’ ಎಂಬ ಮೂರಕ್ಕೂ ಊರಿನ ಅಥವಾ ಬಡಾವಣೆಯ ಹೆಸರೇ ಉತ್ತರವೆಂದು ಅದಕ್ಕೆ ಗೊತ್ತಿರಬೇಕು. ‘ಹೂ ಆಲ್ ಆರ್ ದೇರ್ ಇನ್ ಯುವರ್ ಹೌಸ್?’ ಎಂಬ ನಮ್ಮದೇ ಇಂಗ್ಲಿಷ್ ಒಂದಿದೆ; ಯಾರ್ಯಾರು ಇದ್ದಾರೆ ಎಂಬುದರ ನೇರ ಅವತಾರ. ವ್ಯಾಕರಣದ ಪುಸ್ತಕ ಒಪ್ಪದಿದ್ದರೂ ಅನೇಕ ಶಿಕ್ಷಕರು, ನಾನೂ ಸೇರಿ, ಹಾಗೆ ಕೇಳುವುದುಂಟು. ಆದ್ದರಿಂದ ಅದೂ ಡಬ್ಬಿಯಲ್ಲಿರಲಿ.

ಕನ್ನಡ ಎಳೆಯುವ ಕಡೆಗಳು

ಮಕ್ಕಳ ಇಂಗ್ಲಿಷ್ ತಪ್ಪುಗಳಲ್ಲಿ ಬಹುಪಾಲು ಅಜಾಗರೂಕತೆಯ ತಪ್ಪುಗಳಲ್ಲ, ಕನ್ನಡದ ಕಟ್ಟಡವನ್ನು ಹಾಗೆಯೇ ಇಂಗ್ಲಿಷಿಗೆ ಸಾಗಿಸಿದ್ದರಿಂದ ಆದವು. ಎಲ್ಲಿ ಎಳೆತವಿದೆಯೆಂದು ಪೋಷಕರಿಗೆ ತಿಳಿದಿದ್ದರೆ ನೂರು ತಪ್ಪುಗಳನ್ನು ಬೇರೆ ಬೇರೆಯಾಗಿ ತಿದ್ದುವ ಬದಲು ನಾಲ್ಕೈದು ಕಡೆ ಗಮನ ಕೊಟ್ಟರೆ ಸಾಕಾಗುತ್ತದೆ.

ಕನ್ನಡದಲ್ಲಿ ‘ನನ್ನ ಹೆಸರು ಕಾವ್ಯ’ ಎಂದರೆ ವಾಕ್ಯ ಮುಗಿಯಿತು. ಅಲ್ಲಿ ಕ್ರಿಯಾಪದದ ಅಗತ್ಯವೇ ಇಲ್ಲ. ಅದಕ್ಕಾಗಿಯೇ ನಮ್ಮ ಮಕ್ಕಳು ‘ಮೈ ನೇಮ್ ಕಾವ್ಯ’, ‘ಮೈ ಫಾದರ್ ಫಾರ್ಮರ್’ ಎನ್ನುತ್ತಾರೆ. ನಡುವಿನ ‘ಈಸ್’ ಅವರ ಕಿವಿಗೆ ಬಿದ್ದರೂ ಅದಕ್ಕೊಂದು ಕೆಲಸವಿದೆ ಎನಿಸುವುದಿಲ್ಲ. ಇದಕ್ಕೆ ನಾನು ತರಗತಿಯಲ್ಲಿ ಹುಣಸೆ ಬೀಜಗಳನ್ನು ಬಳಸುತ್ತೇನೆ. ಮೇಜಿನ ಮೇಲೆ ಮೂರು ಬೀಜಗಳನ್ನು ಸಾಲಾಗಿ ಇಟ್ಟು, ‘ಮೈ ಫಾದರ್’ ಎನ್ನುವಾಗ ಮೊದಲನೆಯದನ್ನೂ, ‘ಈಸ್’ ಎನ್ನುವಾಗ ನಡುವಿನದನ್ನೂ, ‘ಎ ಫಾರ್ಮರ್’ ಎನ್ನುವಾಗ ಕೊನೆಯದನ್ನೂ ಬೆರಳಿಂದ ಮುಟ್ಟಬೇಕು. ನಡುವಿನದನ್ನು ಮುಟ್ಟದೆ ಹಾರಿದರೆ ಮಗುವಿಗೇ ಗೊತ್ತಾಗಿ ನಗುತ್ತದೆ. ನಾಲ್ಕು ದಿನ ಕಳೆದರೆ ಬೀಜವಿಲ್ಲದೆಯೂ ಬೆರಳು ಮೇಜನ್ನು ಮೂರು ಸಲ ತಟ್ಟುತ್ತದೆ. ಪರೀಕ್ಷೆಯಲ್ಲಿ ಬೆನ್ನ ಹಿಂದೆ ಬೆರಳು ತಟ್ಟಿಕೊಂಡು ಸರಿಯಾದ ವಾಕ್ಯ ಹೇಳಿದ ಹುಡುಗರನ್ನು ನಾನು ಕಂಡಿದ್ದೇನೆ. ‘ಫಾರ್ಮರ್’ ಮೊದಲಿನ ಸಣ್ಣ ‘ಎ’ ಕನ್ನಡದಲ್ಲಿ ಇಲ್ಲದ ವಸ್ತು. ಅದನ್ನು ನಿಯಮವಾಗಿ ವಿವರಿಸಲು ಹೋಗದೆ, ಕೊನೆಯ ಬೀಜಕ್ಕೆ ಅಂಟಿಸಿಯೇ ಹೇಳಿಸುವುದು ಒಳ್ಳೆಯದು.

ಎರಡನೆಯದು ಗೌರವದ ತೊಡಕು. ಅಪ್ಪನನ್ನು ‘ಅವರು’ ಎನ್ನುವ ಮಗು ಇಂಗ್ಲಿಷಿನಲ್ಲಿ ‘ದೇ ಆರ್ ಡ್ರೈವರ್’ ಎನ್ನುತ್ತದೆ. ‘ಹಿ’ ಎನ್ನಲು ಅದಕ್ಕೆ ಮನಸ್ಸು ಬರುವುದಿಲ್ಲ, ಏಕೆಂದರೆ ಅದು ಅಪ್ಪನನ್ನು ‘ಅವನು’ ಎಂದಂತೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ‘ಹಿ’ ಎಂದರೆ ಅಗೌರವವಲ್ಲ, ಪ್ರಧಾನಿಯವರಿಗೂ ಪಕ್ಕದ ಮನೆಯ ಪುಟ್ಟನಿಗೂ ಅದೊಂದೇ ಪದ ಎಂದು ಒಂದು ಸಲ ಬಿಡಿಸಿ ಹೇಳಿದರೆ ಹಿಂಜರಿಕೆ ಹೋಗುತ್ತದೆ. ಅಪ್ಪನನ್ನೂ ಏಕವಚನದಲ್ಲಿಯೇ ಕರೆಯುವ ಮನೆಗಳ ಮಕ್ಕಳಿಗೆ ಈ ತೊಡಕೇ ಇಲ್ಲ.

‘ನನಗೆ ಇಬ್ಬರು ಅಕ್ಕಂದಿರು ಇದ್ದಾರೆ’ ಎಂಬುದನ್ನು ಪದಕ್ಕೆ ಪದ ಇಟ್ಟು ಹೇಳಿದರೆ ‘ಟು ಮಿ ಟು ಸಿಸ್ಟರ್ಸ್ ಆರ್ ದೇರ್’ ಆಗುತ್ತದೆ. ‘ಐ ಹ್ಯಾವ್’ ಎಂಬುದನ್ನು ಇಡಿಯಾಗಿ ಒಂದೇ ಪದವೆಂಬಂತೆ ಕಲಿಸಿ: ‘ಐ ಹ್ಯಾವ್ ಟು ಸಿಸ್ಟರ್ಸ್’, ‘ಐ ಹ್ಯಾವ್ ಎ ಬೈಸಿಕಲ್’, ‘ಐ ಹ್ಯಾವ್ ಫೀವರ್’. ಸಂಬಂಧಗಳ ವಿಷಯದಲ್ಲಿಯೂ ಸ್ವಲ್ಪ ಎಚ್ಚರ ಬೇಕು. ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ, ಚಿಕ್ಕಮ್ಮನ ಮಗಳೂ ತಂಗಿಯೇ. ಕೂಡುಕುಟುಂಬದ ಹುಡುಗನೊಬ್ಬ ತನಗೆ ಒಂಬತ್ತು ಮಂದಿ ‘ಬ್ರದರ್ಸ್’ ಎಂದಾಗ ನಾನು ಬೆರಗಾಗಿ ಮತ್ತೊಮ್ಮೆ ಕೇಳಿದ್ದೆ, ಅವನು ತನ್ನ ಉತ್ತರ ತಪ್ಪೆಂದು ಹೆದರಿ ಸುಮ್ಮನಾಗಿದ್ದ. ‘ಕಸಿನ್’ ಎಂಬ ಒಂದು ಪದ ಗೊತ್ತಿದ್ದರೆ ಸಾಕಿತ್ತು.

‘ಡೋಂಟ್ ಯು ಲೈಕ್ ಮಿಲ್ಕ್?’ ಎಂಬಂಥ ಪ್ರಶ್ನೆಗೆ ನಾವು ‘ಹೌದು, ಇಷ್ಟವಿಲ್ಲ’ ಎನ್ನುತ್ತೇವೆ, ಇಂಗ್ಲಿಷಿನವರು ‘ನೋ, ಐ ಡೋಂಟ್’ ಎನ್ನುತ್ತಾರೆ. ಐದನೆಯ ತರಗತಿಯವರೆಗೆ ಇದರ ಗೊಡವೆಗೆ ಹೋಗಬೇಕಾಗಿಲ್ಲ.

ಉಚ್ಚಾರ: ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು

ಮಗು ಲಂಡನ್ನಿನವರಂತೆ ಮಾತನಾಡಬೇಕೆಂದು ಯಾವ ಶಿಕ್ಷಕರೂ ಬಯಸುವುದಿಲ್ಲ. ಕನ್ನಡದ ಮಗು ಕನ್ನಡದ ಧಾಟಿಯಲ್ಲಿಯೇ ಇಂಗ್ಲಿಷ್ ಆಡುತ್ತದೆ. ಕೇಳುವವರಿಗೆ ಪದ ಸ್ಪಷ್ಟವಾಗಿ ತಿಳಿದರೆ ಸಾಕು. ಆದರೆ ಕೆಲವು ಕಡೆ ನಮ್ಮ ನಾಲಗೆಯ ರೂಢಿಯೇ ಪದದ ಗುರುತನ್ನು ಅಳಿಸುತ್ತದೆ, ಅಷ್ಟನ್ನು ಮಾತ್ರ ತಿದ್ದಬೇಕು.

ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿಯೇ ಮುಗಿಯುವುದರಿಂದ ನಾವು ಬಸ್ಸು, ಕಾರು, ಬುಕ್ಕು ಎನ್ನುತ್ತೇವೆ. ಕನ್ನಡ ಮಾತಾಡುವಾಗ ಅದೇ ಸರಿ. ಇಂಗ್ಲಿಷ್ ವಾಕ್ಯದಲ್ಲಿ ಮಾತ್ರ ಪದದ ಕೊನೆಗೆ ತಟ್ಟನೆ ಬಾಯಿ ಮುಚ್ಚುವುದನ್ನು ಕಲಿಸಬೇಕು. ಹಾಗೆಯೇ ಎಕಾರದ ಮುಂದೆ ಯಕಾರ, ಒಕಾರದ ಮುಂದೆ ವಕಾರ ತಾನಾಗಿ ಬಂದು ನಿಲ್ಲುವುದರಿಂದ ‘ಎಗ್’ ಎಂಬುದು ‘ಯೆಗ್ಗು’, ‘ಓಲ್ಡ್’ ಎಂಬುದು ‘ವೋಲ್ಡು’ ಆಗುತ್ತದೆ. ಅಕ್ಷರಗಳ ಹೆಸರಿನಲ್ಲಿಯೂ ಯೆಫ್, ಯೆಲ್, ಯೆಮ್, ಯೆನ್ ಎಂಬ ಸಾಲು ಕೇಳಿಬರುತ್ತದೆ. ಸ್ಪೆಲ್ಲಿಂಗ್ ಹೇಳುವಾಗ ಎಮ್ ಮತ್ತು ಎನ್ ಬೇರೆಯಾಗಿ ಕೇಳಿಸದಿದ್ದರೆ ಅಂಕ ಹೋಗುತ್ತದೆ. ಎಮ್ ಎಂದಾಗ ತುಟಿ ಮುಚ್ಚಬೇಕು, ಎನ್ ಎಂದಾಗ ತುಟಿ ತೆರೆದಿರಬೇಕು. ಕನ್ನಡಿಯ ಮುಂದೆ ನಿಲ್ಲಿಸಿ ತೋರಿಸಿದರೆ ಎರಡು ನಿಮಿಷದ ಕೆಲಸ.

ಹಳೆ ಮೈಸೂರಿನ ಕಡೆಯ ಹಳ್ಳಿಗಳಲ್ಲಿ ಹಕಾರ ಬಿಟ್ಟುಹೋಗುವ ಮಾತಿನ ರೂಢಿಯಿದೆ. ಹಾಲು ‘ಆಲು’ ಆಗುತ್ತದೆ. ಆ ಮಕ್ಕಳ ಬಾಯಲ್ಲಿ ‘ಹ್ಯಾಟ್’ ‘ಆಟ್’ ಆಗುವುದನ್ನು ನಯವಾಗಿ ತಿದ್ದಿ. ಗದರಿದರೆ ಬೇಡದ ಕಡೆಯೆಲ್ಲ ಹಕಾರ ಸೇರಿಸಿ ‘ಹ್ಯಾಪಲ್’ ಎನ್ನಲಾರಂಭಿಸುತ್ತವೆ. ಆ ಹೊಸ ತಪ್ಪನ್ನು ಬಿಡಿಸುವುದು ಹಳೆಯದಕ್ಕಿಂತ ಕಷ್ಟ. ಉರ್ದು, ಹಿಂದಿಯ ಒಡನಾಟವಿರುವ ಮನೆಗಳ ಮಕ್ಕಳು ‘ಇಸ್ಕೂಲ್’ ಎಂದರೆ ಹಾವು ಬುಸುಗುಟ್ಟುವ ಸದ್ದನ್ನು ಎಳೆದು ಅದಕ್ಕೆ ‘ಕೂಲ್’ ಜೋಡಿಸಲು ಹೇಳಿ. ವಿ ಮತ್ತು ಡಬ್ಲ್ಯುಗಳ ವ್ಯತ್ಯಾಸವನ್ನು ಬಿಟ್ಟುಬಿಡಿ. ದೊಡ್ಡವರಿಗೇ ಅದು ಬರುವುದಿಲ್ಲ.

ಇನ್ನೊಂದು ಮಾತು, ಇದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟು. ಅನೇಕ ಮನೆಗಳಲ್ಲಿ ಇಂಗ್ಲಿಷ್ ಪಾಠದ ಪ್ರತಿ ಸಾಲಿನ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಡುತ್ತಾರೆ. ತಾಯಿ ತನ್ನ ನೆನಪಿಗಾಗಿ ಬೇರೆ ಹಾಳೆಯಲ್ಲಿ ಬರೆದುಕೊಂಡರೆ ತಕರಾರಿಲ್ಲ. ಆದರೆ ಮಗುವಿನ ಪುಸ್ತಕದಲ್ಲಿ ಬರೆದರೆ ಅದರ ಕಣ್ಣು ಕನ್ನಡದ ಸಾಲಿನ ಮೇಲೆಯೇ ಓಡುತ್ತದೆ, ಇಂಗ್ಲಿಷ್ ಅಕ್ಷರಗಳನ್ನು ನೋಡುವುದೇ ಇಲ್ಲ. ಪರೀಕ್ಷೆಯ ಕೋಣೆಯಲ್ಲಿ ಶಿಕ್ಷಕರು ತಮ್ಮ ಪುಸ್ತಕ ಕೊಟ್ಟಾಗ ಕೆಳಗಿನ ಸಾಲು ಕಾಣೆಯಾಗಿರುತ್ತದೆ, ಮಗು ಕಂಗಾಲಾಗುತ್ತದೆ.

ಗಟ್ಟಿಯಾಗಿ ಓದುವುದು

ಕನ್ನಡದಲ್ಲಿ ಬರೆದಂತೆ ಓದಿ ಅಭ್ಯಾಸವಾದ ಮಗು ಇಂಗ್ಲಿಷಿನಲ್ಲಿಯೂ ಕಾಣುವ ಅಕ್ಷರಗಳನ್ನೆಲ್ಲ ಪ್ರಾಮಾಣಿಕವಾಗಿ ಉಚ್ಚರಿಸುತ್ತದೆ: ‘ವಾಲ್ಕ್’, ‘ಲಿಸ್ಟನ್’, ‘ಕ್ನೈಫ್’. ಅದರ ತರ್ಕ ಸರಿಯಾಗಿದೆ, ಇಂಗ್ಲಿಷಿನ ಬರವಣಿಗೆಯೇ ಹಾಗಿದೆ. ಪಾಠದಲ್ಲಿ ಬರುವ ಇಂತಹ ಪದಗಳನ್ನು ಮೊದಲೇ ಹುಡುಕಿ, ಸದ್ದಿಲ್ಲದ ಅಕ್ಷರದ ಸುತ್ತ ಪೆನ್ಸಿಲಿನಿಂದ ಒಂದು ವೃತ್ತ ಹಾಕಿಸಿ, ‘ಇದು ಮಲಗಿದೆ, ಎಬ್ಬಿಸಬೇಡ’ ಎಂದರೆ ಚಿಕ್ಕ ಮಕ್ಕಳು ಮರೆಯುವುದಿಲ್ಲ.

ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಓದಿ ಓದಿ ಮಕ್ಕಳಿಗೆ ಒಂದು ಶಾಲಾರಾಗ ಅಂಟಿಕೊಂಡಿರುತ್ತದೆ. ಪ್ರತಿ ಪದದ ಕೊನೆಯನ್ನು ಎಳೆದು, ವಾಕ್ಯ ಮುಗಿದರೂ ಉಸಿರು ನಿಲ್ಲಿಸದೆ ಮುಂದಿನದಕ್ಕೆ ಹಾರುವ ರಾಗ ಅದು. ಅದನ್ನು ಬಿಡಿಸಲು ಪದಗಳ ಗುಂಪುಗಳ ನಡುವೆ ಪೆನ್ಸಿಲಿನಿಂದ ಸಣ್ಣ ಓರೆಗೆರೆ ಹಾಕಿ: ‘ದ ಓಲ್ಡ್ ಮ್ಯಾನ್ / ವೆಂಟ್ ಟು ದ ರಿವರ್ / ಇನ್ ದ ಮಾರ್ನಿಂಗ್’. ಗೆರೆಯಿರುವಲ್ಲಿ ಮಾತ್ರ ಉಸಿರು, ಪೂರ್ಣವಿರಾಮದಲ್ಲಿ ಮನಸ್ಸಿನಲ್ಲಿಯೇ ಒಂದು ಎಣಿಕೆ. ಮೊದಲು ನೀವು ಅಥವಾ ಮನೆಯ ದೊಡ್ಡ ಮಕ್ಕಳು ಒಂದು ತುಂಡು ಓದಿ, ಮಗು ಅದನ್ನೇ ಓದಲಿ. ಓದಿಕೊಡುವವರು ಯಾರೂ ಇಲ್ಲದಿದ್ದರೆ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ತೋರಿಸಿ, ಶಾಲಾ ಪಾಠಗಳಿಗಾಗಿ ಸರ್ಕಾರ ರೂಪಿಸಿರುವ ದೀಕ್ಷಾ ಆಪ್‌ನಲ್ಲಿ ಆ ಪಾಠಕ್ಕೆ ಏನಿದೆಯೆಂದು ನೋಡಬಹುದು. ಆಮೇಲೆ ಮಗುವಿನ ಓದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಅದಕ್ಕೇ ಕೇಳಿಸಿ. ತನ್ನ ತಪ್ಪನ್ನು ಮಗು ತಾನೇ ಹಿಡಿದಾಗ ಆಗುವ ತಿದ್ದುಪಡಿ ನಾವು ಹತ್ತು ಸಲ ಹೇಳಿದರೂ ಆಗದು.

ಚಿತ್ರದ ಬಗ್ಗೆ ಮಾತು

ಚಿತ್ರ ತೋರಿಸಿ ‘ವಾಟ್ ಡು ಯು ಸೀ?’ ಎಂದಾಗ ಹೆಚ್ಚಿನ ಮಕ್ಕಳು ಪಟ್ಟಿ ಒಪ್ಪಿಸುತ್ತಾರೆ: ಬಸ್, ಟ್ರೀ, ಮ್ಯಾನ್, ಡಾಗ್. ಅಲ್ಲಿಗೆ ನಿಲ್ಲುತ್ತಾರೆ. ಅವರಿಗೆ ಹೇಳಲು ಏನೂ ಇಲ್ಲವೆಂದಲ್ಲ. ಅದೇ ಚಿತ್ರವನ್ನು ಕನ್ನಡದಲ್ಲಿ ವಿವರಿಸಲು ಬಿಟ್ಟು ನೋಡಿ, ನಾಯಿ ಯಾಕೆ ಬಸ್ಸಿನ ಕೆಳಗೆ ಮಲಗಿದೆ ಎಂಬುದರ ತನಕ ಹೇಳುತ್ತಾರೆ.

ಆದ್ದರಿಂದ ಚಿತ್ರದ ಅಭ್ಯಾಸವನ್ನು ಕನ್ನಡದಿಂದಲೇ ಆರಂಭಿಸಿ. ನಿಮ್ಮ ಮೊಬೈಲಿನಲ್ಲಿಯೇ ಊರಿನ ಸಂತೆಯ, ಬಸ್ ನಿಲ್ದಾಣದ, ಜಾತ್ರೆಯ ಫೋಟೊಗಳಿರುತ್ತವೆ. ಒಂದು ಫೋಟೊ ತೆಗೆದು ಮಗು ಕನ್ನಡದಲ್ಲಿ ಐದು ವಾಕ್ಯ ಹೇಳಲಿ. ಅವುಗಳಲ್ಲಿ ಸುಲಭವಾದ ಮೂರನ್ನು ಇಬ್ಬರೂ ಸೇರಿ ಇಂಗ್ಲಿಷಿಗೆ ತನ್ನಿ. ಏನಿದೆ ಎಂಬುದಕ್ಕೆ ‘ದೇರ್ ಈಸ್’, ಹಲವಿದ್ದರೆ ‘ದೇರ್ ಆರ್’. ಏನು ಮಾಡುತ್ತಿದ್ದಾರೆ ಎಂಬುದಕ್ಕೆ ‘ಈಸ್’ ಜೊತೆಗೆ ‘ಇಂಗ್’. ಏನನಿಸುತ್ತದೆ ಎಂಬುದಕ್ಕೆ ‘ಐ ಥಿಂಕ್’. ಈ ಮೂರು ಅಚ್ಚುಗಳಲ್ಲಿ ಯಾವ ಚಿತ್ರವನ್ನಾದರೂ ಎರಕ ಹೊಯ್ಯಬಹುದು. ಬಸ್ ನಿಲ್ದಾಣದ ಒಂದು ಫೋಟೊ ನೋಡಿ ನಾಲ್ಕನೆಯ ತರಗತಿಯ ಹುಡುಗ ಹೇಳಿದ್ದನ್ನು ಇಲ್ಲಿ ಕೊಡುತ್ತೇನೆ: ‘ದೇರ್ ಈಸ್ ಎ ರೆಡ್ ಬಸ್. ಎ ವುಮನ್ ಈಸ್ ಸೆಲ್ಲಿಂಗ್ ಕುಕುಂಬರ್ಸ್. ದ ಕಂಡಕ್ಟರ್ ಈಸ್ ಶೌಟಿಂಗ್. ಐ ಥಿಂಕ್ ದ ಬಸ್ ಈಸ್ ಲೇಟ್.’ ನಾಲ್ಕೇ ವಾಕ್ಯ, ಆದರೆ ಕೊನೆಯ ಮಾತು ಯಾವ ಗೈಡಿನಲ್ಲಿಯೂ ಇರುವಂಥದ್ದಲ್ಲ. ಪೂರ್ಣ ಅಂಕ ಕೊಟ್ಟೆ.

ಪದ ಗೊತ್ತಿಲ್ಲದಾಗ ನಿಲ್ಲದೆ ದಾಟುವುದನ್ನೂ ಕಲಿಸಿ. ಸೌತೆಕಾಯಿಗೆ ಇಂಗ್ಲಿಷ್ ಪದ ನೆನಪಾಗದಿದ್ದರೆ ‘ವೆಜಿಟಬಲ್ಸ್’ ಎಂದರೂ ನಡೆಯುತ್ತದೆ. ಮುದ್ದೆ, ರೊಟ್ಟಿ, ಪಲ್ಯ, ಕೋಸಂಬರಿಗಳನ್ನು ಹಾಗೆಯೇ ಹೇಳಬಹುದು. ಬೆಳಗ್ಗೆ ಅಕ್ಕಿ ರೊಟ್ಟಿ ತಿಂದ ಮಗು ಪರೀಕ್ಷೆಯಲ್ಲಿ ‘ಬ್ರೆಡ್ ಅಂಡ್ ಜಾಮ್’ ತಿಂದೆನೆಂದು ಸುಳ್ಳು ಹೇಳಬೇಕಾದ ಅಗತ್ಯವಿಲ್ಲ.

ತಿದ್ದುವ ಬಗೆ ಮತ್ತು ಧೈರ್ಯ

ಮಗು ಮಾತನಾಡುತ್ತಿರುವಾಗ ನಡುವೆ ಬಾಯಿ ಹಾಕಬೇಡಿ. ‘ಯೆಸ್ಟರ್ಡೇ ಐ ಗೋ ಟು ಅಜ್ಜಿ ಹೌಸ್’ ಎಂದರೆ ವಾಕ್ಯ ಮುಗಿಯಲಿ. ಆಮೇಲೆ ‘ಓಹೋ, ಯು ವೆಂಟ್ ಟು ಅಜ್ಜೀಸ್ ಹೌಸ್? ಅಲ್ಲಿ ಏನು ತಿಂದೆ?’ ಎಂದು ಸರಿಯಾದ ರೂಪವನ್ನು ನಿಮ್ಮ ಮಾತಿನಲ್ಲಿಯೇ ಸೇರಿಸಿ ಮುಂದುವರಿಸಿ. ಒಂದು ಸಂಜೆಗೆ ಒಂದು ತಪ್ಪನ್ನು ಮಾತ್ರ ಹಿಡಿಯಿರಿ, ಉಳಿದವು ಮತ್ತೊಂದು ದಿನಕ್ಕಿರಲಿ.

ಇಂಗ್ಲಿಷ್ ಬಾರದ ತಂದೆತಾಯಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ: ಮಗುವಿನ ವಿದ್ಯಾರ್ಥಿಗಳಾಗುವುದು. ಆಟೊ ಓಡಿಸುವ ಒಬ್ಬ ತಂದೆ ದಿನವೂ ಮಗಳನ್ನು ಶಾಲೆಗೆ ಬಿಡಲು ಬರುವ ದಾರಿಯಲ್ಲಿ ‘ನಿನ್ನೆ ಏನು ಕಲಿತೆ, ನನಗೂ ಹೇಳಿಕೊಡು ತಾಯಿ’ ಎನ್ನುತ್ತಿದ್ದರು. ಅವಳು ಹಿಂದಿನ ಸೀಟಿನಿಂದ ಕೂಗಿ ಹೇಳಬೇಕು, ಆಟೊದ ಸದ್ದಿನಲ್ಲಿ ಅವರಿಗೆ ಕೇಳಿಸಬೇಕು, ಅವರು ತಪ್ಪು ಹೇಳಿದರೆ ಅವಳು ತಿದ್ದಬೇಕು. ಆ ಹುಡುಗಿಯ ಧ್ವನಿ ನನ್ನ ತರಗತಿಯಲ್ಲಿಯೇ ಅತ್ಯಂತ ಸ್ಪಷ್ಟವಾಗಿತ್ತು.

ಹಿರಿಯರ ಮುಂದೆ ತಲೆ ತಗ್ಗಿಸಿ ಮೆಲ್ಲಗೆ ಮಾತನಾಡುವುದು ನಮ್ಮ ಮನೆಗಳಲ್ಲಿ ವಿನಯದ ಲಕ್ಷಣ. ಪರೀಕ್ಷೆಯಲ್ಲಿ ಅದೇ ತೊಡಕಾಗುತ್ತದೆ. ನೆಲ ನೋಡಿಕೊಂಡು ಹೇಳಿದ ಉತ್ತರ ಮೇಜು ದಾಟಿ ಬರುವುದೇ ಇಲ್ಲ. ಮಿಸ್ ಮುಖ ನೋಡಿ ಮಾತನಾಡಿದರೆ ಅದು ಉದ್ಧಟತನವಲ್ಲ ಎಂದು ಮಗುವಿಗೆ ಮೊದಲೇ ಹೇಳಿ. ಕೊನೆಯ ಎರಡು ವಾರ ಮನೆಯವರಲ್ಲದವರ ಮುಂದೆ ಅಭ್ಯಾಸವಾಗಲಿ: ಮೇಲಿನ ಮನೆಯ ಆಂಟಿ, ಕಾಲೇಜಿಗೆ ಹೋಗುವ ಪಕ್ಕದ ಮನೆಯ ಅಣ್ಣ, ಊರಿಂದ ಬಂದ ಸೋದರಮಾವ. ಅವರು ಬಾಗಿಲ ಬಳಿ ಕುರ್ಚಿ ಹಾಕಿ ಕೂರಲಿ. ಮಗು ‘ಮೇ ಐ ಕಮ್ ಇನ್?’ ಎಂದು ಕೇಳಿ ಒಳಗೆ ಬಂದು, ವಂದಿಸಿ, ಡಬ್ಬಿಯ ಐದು ಚೀಟಿಗಳಿಗೆ ಉತ್ತರಿಸಿ, ‘ಥ್ಯಾಂಕ್ ಯು’ ಹೇಳಿ ಹೋಗಲಿ.

ಎಲ್ಲಕ್ಕಿಂತ ಮುಖ್ಯವಾಗಿ ಮೂರು ಮಾತುಗಳು ಮಗುವಿನ ನಾಲಗೆಯ ತುದಿಯಲ್ಲಿರಲಿ: ಕೇಳಿಸದಿದ್ದರೆ ‘ಪಾರ್ಡನ್, ಮಿಸ್’, ಅರ್ಥವಾಗದಿದ್ದರೆ ‘ಪ್ಲೀಸ್ ಸೇ ಇಟ್ ಅಗೇನ್’, ಗೊತ್ತಿಲ್ಲದಿದ್ದರೆ ‘ಸಾರಿ, ಐ ಡೋಂಟ್ ನೋ’. ಸುಮ್ಮನೆ ನಿಂತ ಮಗುವಿಗೆ ಪ್ರಶ್ನೆ ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ, ಉತ್ತರ ಗೊತ್ತಿಲ್ಲವೋ ಎಂಬುದು ಪರೀಕ್ಷಕರಿಗೆ ತಿಳಿಯುವ ದಾರಿಯಿಲ್ಲ. ಪ್ರಶ್ನೆಯನ್ನು ಮತ್ತೊಮ್ಮೆ ಕೇಳಲು ವಿನಂತಿಸಿದ ಮಗುವಿಗೆ ನಾನು ಅಂಕ ಕಳೆಯುವುದಿಲ್ಲ; ಅದೂ ಇಂಗ್ಲಿಷ್ ಮಾತೇ. ತೊದಲುವ, ಅಥವಾ ಹೊಸಬರ ಮುಂದೆ ಬಾಯಿಯೇ ಬಿಡದ ಮಗುವಾಗಿದ್ದರೆ ಪರೀಕ್ಷೆಗೆ ಮುಂಚೆಯೇ ಶಿಕ್ಷಕರನ್ನು ಕಂಡು ತಿಳಿಸಿ, ಸ್ವಲ್ಪ ಹೆಚ್ಚು ಸಮಯ ಕೊಡಲು, ಇಲ್ಲವೇ ಬೇರೆ ಮಕ್ಕಳಿಲ್ಲದ ಹೊತ್ತಿನಲ್ಲಿ ಕೇಳಲು ಕೋರಿಕೊಳ್ಳಿ.

ಪರೀಕ್ಷೆಯ ಹಿಂದಿನ ದಿನ ಹೊಸದೇನನ್ನೂ ಹೇಳಿಕೊಡಬೇಡಿ. ಪದ್ಯವನ್ನು ಒಂದು ಸಲ ಹಾಡಿಸಿ, ಡಬ್ಬಿಯನ್ನು ಮುಚ್ಚಿಡಿ. ಬೆಳಗ್ಗೆ ಗೇಟಿನ ಬಳಿ ನಿಂತು ‘ಫಾದರ್ಸ್ ನೇಮ್ ಏನು ಹೇಳು, ಇನ್ನೊಂದು ಸಲ ಹೇಳು’ ಎಂದು ಪೀಡಿಸುವುದೂ ಬೇಡ. ಸಂಜೆ ಮಗು ಬಂದಾಗ ಅಂಕ ಕೇಳುವ ಬದಲು ಮಿಸ್ ಏನೇನು ಕೇಳಿದರು, ಹೇಗೆ ಕೇಳಿದರು ಎಂದು ವಿಚಾರಿಸಿ, ನೆನಪಿರುವ ಪ್ರಶ್ನೆಗಳನ್ನು ಅವರು ಕೇಳಿದ ರೂಪದಲ್ಲಿಯೇ ಹೊಸ ಚೀಟಿಗಳಲ್ಲಿ ಬರೆದು ಅದೇ ಡಬ್ಬಿಗೆ ಹಾಕಿಡಿ. ಮುಂದಿನ ಎಫ್‌ಎಗೆ ಅವು ಬೇಕಾಗುತ್ತವೆ.